ಎತ್ತಿ ಮುಚ್ಚುವ ಬಾಗಿಲು: ಹಳೆಯ ಕಾರಿನ ಹಿಂಜ್ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ನಿಂತ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಾಗಿಲಿನ ದೂರುಗಳೇ ಹೆಚ್ಚು. ಜಗ್ಗಿದ ಬಾಗಿಲು, ಹಿಂಜ್‌ನಲ್ಲಿ (ಬಾಗಿಲು ತಿರುಗುವ ಕೀಲಿನಲ್ಲಿ) ಸವೆದ ಪಿನ್, ತುಕ್ಕು ತಿಂದ ಕಂಬ, ಅಂದರೆ ಬಾಗಿಲಿನ ಆಚೀಚೆ ನಿಲ್ಲುವ ಬಾಡಿಯ ಭಾಗ. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳಾದ್ದರಿಂದ ಈ ಸಂಚಿಕೆಯನ್ನು ಇದೊಂದೇ ವಿಷಯಕ್ಕೆ ಇಟ್ಟಿದ್ದೇವೆ.

ಪ್ರಶ್ನೆ: ನನ್ನದು 1996ರ ಮಾರುತಿ 800. ಡ್ರೈವರ್ ಬದಿಯ ಬಾಗಿಲು ಮುಚ್ಚಬೇಕಾದರೆ ಹ್ಯಾಂಡಲ್ ಹಿಡಿದು ಸ್ವಲ್ಪ ಎತ್ತಬೇಕು. ಗ್ಯಾರೇಜಿನವರು ಕಂಬದಲ್ಲಿರುವ ಸ್ಟ್ರೈಕರನ್ನು ಕೆಳಗಿಳಿಸಿ ಕೊಟ್ಟರು. ಎರಡು ತಿಂಗಳು ಚೆನ್ನಾಗಿತ್ತು, ಈಗ ಪುನಃ ಹಾಗೆಯೇ ಆಗಿದೆ. ಹೊಂಡಕ್ಕೆ ಬಿದ್ದಾಗ ಕಟಕಟ ಸದ್ದು ಬೇರೆ. ಎಂತ ಮಾಡುವುದು?
– ಓದುಗರು, ಅಂಬಲಪಾಡಿ, ಉಡುಪಿ

ಉತ್ತರ: ಸ್ಟ್ರೈಕರ್ ಇರುವುದು ಮುಚ್ಚಿದ ಬಾಗಿಲನ್ನು ಹಿಡಿದಿಡಲಿಕ್ಕೆ. ಬಾಗಿಲಿನ ಭಾರ ಹೊರುವುದು ಅದರ ಕೆಲಸವಲ್ಲ, ಅದು ಹಿಂಜ್‌ನ ಕೆಲಸ. ಬಾಗಿಲು ಇಳಿಯಿತೆಂದು ಸ್ಟ್ರೈಕರನ್ನೂ ಅದರ ಹಿಂದೆಯೇ ಇಳಿಸುತ್ತಾ ಹೋದರೆ, ಸವೆಯುತ್ತಿರುವ ಜಾಗ ಸವೆಯುತ್ತಲೇ ಇರುತ್ತದೆ. ನಿಮಗೆ ಎರಡು ತಿಂಗಳು ಸಿಕ್ಕಿದ್ದು ಅಷ್ಟಕ್ಕೇ.

ಲೆಕ್ಕ ನೋಡಿ. ಗಾಜು, ಲಾಕು ಎಲ್ಲ ಸೇರಿ ಬಾಗಿಲು 15 ಕಿಲೋ, ಉದ್ದ 1 ಮೀಟರ್, ಮೇಲಿನ ಮತ್ತು ಕೆಳಗಿನ ಹಿಂಜ್ ನಡುವೆ 35 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಬಾಗಿಲು ತೆರೆದಾಗ ಅದರ ಭಾರ ಹಿಂಜ್‌ನಿಂದ ಸುಮಾರು ಅರ್ಧ ಮೀಟರ್ ಆಚೆ ತೂಗುತ್ತದೆ. ಮೇಲಿನ ಹಿಂಜನ್ನು ಅದು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆ ಎಳೆತ ಸುಮಾರು 21 ಕಿಲೋ. ಇಷ್ಟನ್ನು ಹಿಂಜ್ ಹೊರುತ್ತದೆ. ಆದರೆ ಕಾರಿನಿಂದ ಇಳಿಯುವವರು ತೆರೆದ ಬಾಗಿಲಿನ ತುದಿಗೆ ಕೈಯೂರಿ ಏಳುವಾಗ 30 ಕಿಲೋ ಭಾರ ಬಿಟ್ಟರೂ ಮೇಲಿನ ಹಿಂಜ್ ಮೇಲೆ ಇನ್ನೂ 85 ಕಿಲೋ ಸೇರುತ್ತದೆ. ಡ್ರೈವರ್ ಬಾಗಿಲು, ಅದರಲ್ಲೂ ಅದರ ಮೇಲಿನ ಹಿಂಜ್ ಮೊದಲು ಸೋಲುವುದು ಇದರಿಂದಲೇ. ಮನೆಯಲ್ಲಿ ವಯಸ್ಸಾದವರಿದ್ದರೆ ಬಾಗಿಲು ಹಿಡಿದು ಏಳುವ ಬದಲು ಸೀಟಿನ ಬದಿಗೋ ಕಂಬಕ್ಕೋ ಕೈ ಕೊಡಲು ಹೇಳಿ.

ಇನ್ನೊಂದು ಲೆಕ್ಕ: ಹಿಂಜ್‌ನಲ್ಲಿ 1 ಮಿ.ಮೀ. ಸಡಿಲವಾದರೆ ಲಾಕಿನ ತುದಿಯಲ್ಲಿ ಬಾಗಿಲು ಸುಮಾರು 3 ಮಿ.ಮೀ. ಇಳಿಯುತ್ತದೆ. ಹಾಗಾಗಿ ಹಿಂಜ್ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಬಾಗಿಲು ಎತ್ತಿ ಮುಚ್ಚುವ ಸ್ಥಿತಿಗೆ ಬಂದಿರುತ್ತದೆ.

ಎಲ್ಲಿ ಸಡಿಲವಾಗಿದೆ ಎಂದು ಹುಡುಕಲು ಇಬ್ಬರು ಬೇಕು. ಬಾಗಿಲನ್ನು ಅರ್ಧ ತೆರೆಯಿರಿ. ಒಬ್ಬರು ತುದಿಯನ್ನು ಕೆಳಗಿನಿಂದ ಹಿಡಿದು ಮೆಲ್ಲಗೆ ಎತ್ತಿ ಇಳಿಸುತ್ತಿರಲಿ. ಇನ್ನೊಬ್ಬರು ಮೇಲಿನ ಹಿಂಜ್‌ನ ಸಂದಿಗೆ ಬೆರಳಿಟ್ಟು ನೋಡಲಿ, ಆಮೇಲೆ ಕೆಳಗಿನದಕ್ಕೆ. ಹಿಂಜ್‌ನ ಎರಡು ಎಲೆಗಳು (ಕಂಬಕ್ಕೊಂದು, ಬಾಗಿಲಿಗೊಂದು ಕೂರುವ ಪಟ್ಟಿಗಳು) ಒಂದಕ್ಕೊಂದು ಅಲುಗಿದರೆ ಪಿನ್ ಅಥವಾ ಅದರ ಸುತ್ತ ಕೂರುವ ಕೊಳವೆಯಂಥ ಬುಶ್ ಸವೆದಿದೆ. ಕಂಬದ ಬದಿಯ ಎಲೆ ಕಂಬದ ತಗಡಿನ ಮೇಲೆಯೇ ಅಲುಗಿದರೆ ಬೋಲ್ಟ್ ಸಡಿಲ, ಇಲ್ಲವೇ ಕಂಬ ತುಕ್ಕು ಹಿಡಿದಿದೆ. ಬಾಗಿಲಿನ ಬದಿಯಲ್ಲಿ ಅಲುಗಿದರೆ ಬಾಗಿಲಿನ ಒಳತಗಡು ಬಿರುಕು ಬಿಟ್ಟಿದೆ; ಹಿಂಜ್‌ನ ಅಂಚಿನಲ್ಲಿ ಪೈಂಟ್ ಮೇಲೆ ಕೂದಲೆಳೆಯಂಥ ಗೆರೆ ಹುಡುಕಿ. ಎಲ್ಲೂ ಅಲುಗಾಟವೇ ಇಲ್ಲ, ಆದರೂ ಬಾಗಿಲು ಕೆಳಗೆ ನಿಂತಿದೆ ಎಂದರೆ ಹಿಂಜ್ ಬಾಗಿದೆ.

ಐದನೆಯ ಸಾಧ್ಯತೆಯೂ ಇದೆ, ಅದನ್ನು ಹೆಚ್ಚಿನವರು ನೋಡುವುದಿಲ್ಲ. ಬಾಗಿಲು ಮುಚ್ಚಿ ಸುತ್ತಲಿನ ಸಂದಿಗಳನ್ನು ಅಳೆಯಿರಿ. ಆ ಬದಿಯನ್ನು ಜಾಕ್ ಹಾಕಿ ಎತ್ತಿ ಪುನಃ ಅಳೆಯಿರಿ. ಸಂದಿ ಎದ್ದು ಕಾಣುವಷ್ಟು ಬದಲಾದರೆ ತೊಂದರೆ ಹಿಂಜ್‌ನಲ್ಲಿಲ್ಲ, ಬಾಗಿಲಿನ ಕೆಳಗಿನ ಪಟ್ಟಿ ಮತ್ತು ಫ್ಲೋರ್ ತುಕ್ಕು ತಿಂದು ಬಾಡಿಯೇ ಬಾಗುತ್ತಿದೆ. ಮಾರುತಿ 800ರಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆಗ ಹಿಂಜ್ ಕೆಲಸಕ್ಕೆ ಹಣ ಹಾಕುವ ಮೊದಲು ಫ್ಲೋರ್ ಕೆಲಸ ಆಗಬೇಕು.

ಪಿನ್ ಸರಿಯಾದ ಮೇಲೆ (ಅದರ ವಿಧಾನ ಮುಂದಿನ ಉತ್ತರದಲ್ಲಿದೆ) ಸ್ಟ್ರೈಕರ್ ಕೊನೆಗೆ. ಅದರ ಈಗಿನ ಜಾಗವನ್ನು ಮಾರ್ಕರ್‌ನಿಂದ ಗುರುತು ಮಾಡಿ ಬಿಚ್ಚಿ, ಬಾಗಿಲನ್ನು ಮೆಲ್ಲಗೆ ತಂದು ಲಾಕ್ ಯಾವ ಎತ್ತರಕ್ಕೆ ಬರುತ್ತದೆಂದು ನೋಡಿ ಅಲ್ಲಿಗೇ ಕೂರಿಸಿ. ಸ್ಟಾರ್ ಸ್ಕ್ರೂಗಳನ್ನು ಕೈಯ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಲು ಹೋದರೆ ತಲೆ ಹಾಳಾಗುತ್ತದೆ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಕೆಲವು ಹಳೆಯ ಕಾರುಗಳಲ್ಲಿ ಸ್ಕ್ರೂ ಹಿಡಿಯುವ ಪ್ಲೇಟ್ ಕಂಬದೊಳಗೆ ಬಿಡಿಯಾಗಿ ಇರುತ್ತದೆ. ಎಲ್ಲ ಸ್ಕ್ರೂಗಳನ್ನು ಒಟ್ಟಿಗೆ ತೆಗೆದರೆ ಅದು ಒಳಗೆ ಬಿದ್ದೀತು. ಒಂದನ್ನು ತೆಗೆದ ಕೂಡಲೇ ಅಲ್ಲಿಗೆ ಉದ್ದದ ಸ್ಕ್ರೂ ಒಂದನ್ನು ಹಿಡಿಸಿಟ್ಟುಕೊಳ್ಳಿ. ಕಡೆಗೆ ಬಾಗಿಲು ಮುಚ್ಚುವಾಗ ಎರಡು ಸಲ ಕ್ಲಿಕ್ ಎನ್ನುತ್ತದೆಯೇ ಎಂದು ಗಮನಿಸಿ. ಒಂದೇ ಕ್ಲಿಕ್ಕಿಗೆ ನಿಂತ ಬಾಗಿಲು ಪೂರ್ತಿ ಲಾಕ್ ಆಗಿರುವುದಿಲ್ಲ, ಓಡುವಾಗ ತೆರೆದುಕೊಳ್ಳಬಹುದು. ನಿಮ್ಮ ಕಟಕಟ ಸದ್ದು ಇದರದ್ದೇ ಆಗಿರುವ ಸಾಧ್ಯತೆ ಇದೆ. 

ಪ್ರಶ್ನೆ: ಪ್ರೀಮಿಯರ್ ಪದ್ಮಿನಿಯ ಹಿಂಜ್ ಪಿನ್ ಸವೆದಿದೆ. ಹೊಸ ಹಿಂಜ್ ಸಿಗುತ್ತಿಲ್ಲ, ಗುಜರಿಯಲ್ಲಿ ಸಿಕ್ಕಿದ್ದೂ ಸವೆದದ್ದೇ. ಬೈಕಂಪಾಡಿಯಲ್ಲಿ ಪರಿಚಯದ ಲೇತ್ ಇದೆ. ಅಲ್ಲಿ ಪಿನ್, ಬುಶ್ ಮಾಡಿಸಬಹುದೇ? ಯಾವ ಲೋಹ, ಯಾವ ಅಳತೆ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಖಂಡಿತ ಮಾಡಿಸಬಹುದು. ಸರಿಯಾಗಿ ಮಾಡಿದ ಬುಶ್ ಕಂಪೆನಿಯ ಹಿಂಜ್‌ಗಿಂತ ಹೆಚ್ಚು ಬಾಳುತ್ತದೆ. ಆದರೆ ಲೇತಿನವರಿಗೆ ಸವೆದ ಪಿನ್ ಒಂದನ್ನೇ ಕೊಟ್ಟು ಇಂಥದ್ದೇ ಮಾಡಿ ಎನ್ನಬೇಡಿ. ಪಿನ್ ಸವೆದಿದ್ದರೆ ಅದು ಕೂರುವ ತೂತೂ ಸವೆದಿರುತ್ತದೆ, ಅದೂ ಗುಂಡಗೆ ಅಲ್ಲ, ಮೊಟ್ಟೆಯಾಕಾರಕ್ಕೆ. ಅಂಥ ತೂತಿಗೆ ಹೊಸ ಪಿನ್ ಹಾಕಿದರೆ ಒಂದೇ ಗೆರೆಯಲ್ಲಿ ತಾಗಿ ಬೇಗ ಸವೆಯುತ್ತದೆ.

ಮೊದಲು ಬಿಚ್ಚುವುದು. ಹಿಂದಿನ ರಾತ್ರಿಯೇ ಪಿನ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿಡಿ. ಬಾಗಿಲಿಗೆ ವೈರ್ ಹೋಗಿದ್ದರೆ ಬ್ಯಾಟರಿ ಟರ್ಮಿನಲ್ ಕಳಚಿ. ಬಾಗಿಲು ಮಿತಿ ಮೀರಿ ತೆರೆಯದಂತೆ ತಡೆಯುವ ಡೋರ್ ಚೆಕ್ ಪಟ್ಟಿಯ ಪಿನ್ ಮೊದಲು ತೆಗೆಯಿರಿ. ಬಾಗಿಲಿನ ಕೆಳಗೆ ಜಾಕ್, ಅದರ ಮೇಲೆ ಹಲಗೆ, ಅದರ ಮೇಲೆ ಮಡಚಿದ ಗೋಣಿ ಇಟ್ಟು ಭಾರ ಹಗುರಾಗುವಷ್ಟು ಮಾತ್ರ ಎತ್ತಿ. ತುದಿ ಹಿಡಿಯಲು ಒಬ್ಬರು ಇರಲೇಬೇಕು. ಹಿಂಜ್‌ನ ಎಲೆ ಕಂಬದಲ್ಲಿ ಕೂತ ಜಾಗದ ಸುತ್ತ ಗೀರು ಎಳೆಯಿರಿ, ಹಿಂದಕ್ಕೆ ಕೂರಿಸುವಾಗ ಅದೇ ನಿಮ್ಮ ದಾರಿ.

ಪಿನ್ನಿನ ಒಂದು ತುದಿಯಲ್ಲಿ ಹಲ್ಲಿನಂಥ ಗೀರುಗಳಿರುತ್ತವೆ, ಅದು ಬಿಗಿಯಾಗಿ ಕೂರುವ ತುದಿ. ಹೊಡೆಯಬೇಕಾದದ್ದು ಅದರ ಎದುರಿನ ತುದಿಗೆ. ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಹೊಡೆದರೆ ಬರುತ್ತದೆ. ಕೆಳಗಿನ ಹಿಂಜ್‌ನ ಪಿನ್ ಮೊದಲು, ಮೇಲಿನದು ಆಮೇಲೆ. ಜೋಡಿಸುವಾಗ ಮೇಲಿನದು ಮೊದಲು. ಜಗ್ಗದಿದ್ದರೆ ಸುತ್ತಿಗೆಯ ತೂಕ ಹೆಚ್ಚಿಸಬೇಡಿ, ಪಿನ್ನಿನ ತಲೆ ಅರಳಿ ಇನ್ನೂ ಬಿಗಿಯುತ್ತದೆ. ಎಲೆಗಳ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಪಿನ್ ಕತ್ತರಿಸಿ. ಉಳಿದ ತುಂಡಿಗೆ ನಡುವಿನಲ್ಲಿ 5, ಮತ್ತೆ 6.5 ಮಿ.ಮೀ. ಡ್ರಿಲ್ ಹಾಕಿದರೆ ಅದು ಸಡಿಲಗೊಂಡು ಹೊರಬರುತ್ತದೆ. ಗ್ಯಾಸ್ ಬೆಂಕಿ ತೋರಿಸುವುದು ಬೇಡ. ಪೈಂಟ್ ಸುಡುತ್ತದೆ, ಕಂಬದೊಳಗಿನ ಸೀಲರ್ ಹೊತ್ತಿಕೊಳ್ಳಬಹುದು.

ಈಗ ವರ್ನಿಯರ್ ಹಿಡಿದು ಅಳೆಯಿರಿ. ಪಿನ್ನಿನ ಸವೆಯದ ಭಾಗವೇ ಅದರ ಮೂಲ ಅಳತೆ. ತೂತನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ಲೆಕ್ಕಕ್ಕೆ ಪಿನ್ 8 ಮಿ.ಮೀ. ಎಂದಿಟ್ಟುಕೊಂಡು ಹೇಳುತ್ತೇವೆ, ನಿಮ್ಮದು ಬೇರೆಯಾದರೆ ಅದೇ ಅಂತರಗಳನ್ನು ಇಟ್ಟುಕೊಳ್ಳಿ.

ತೂತಿನ ಎರಡು ಅಳತೆಗಳ ವ್ಯತ್ಯಾಸ 0.3 ಮಿ.ಮೀ. ಒಳಗಿದ್ದರೆ ಬುಶ್ ಬೇಡ. 8.5 ಮಿ.ಮೀ.ಗೆ ರೀಮರ್ (ತೂತನ್ನು ನಯವಾಗಿ ನಿಖರ ಅಳತೆಗೆ ತರುವ ಸಾಧನ) ಹಾಕಿ ಅಷ್ಟೇ ದಪ್ಪದ ಪಿನ್ ಮಾಡಿಸಿ. ಅದಕ್ಕಿಂತ ಹೆಚ್ಚು ಸವೆದಿದ್ದರೆ ತೂತನ್ನು 10ಕ್ಕೆ ಹಿಗ್ಗಿಸಿ, ಹೊರಗೆ 10 ಒಳಗೆ 8 ಇರುವ ಬುಶ್ ಹಾಕಬೇಕು. ಅದಕ್ಕೆ ಮೊದಲು ಹಿಂಜ್‌ನ ಕಿವಿಯ (ಪಿನ್ ತೂರುವ ತೂತಿರುವ ಭಾಗದ) ಹೊರ ಅಳತೆ ನೋಡಿ. 14 ಮಿ.ಮೀ. ಇದ್ದರೆ ಸುತ್ತ 2 ಮಿ.ಮೀ. ಲೋಹ ಉಳಿಯುತ್ತದೆ, ಅದಕ್ಕಿಂತ ಕಡಿಮೆ ಉಳಿದರೆ ಕಿವಿ ಸೀಳುವ ಅಪಾಯವಿದೆ.

ಬುಶ್ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಝ್‌ನದ್ದಿರಲಿ. ಸಾದಾ ಹಿತ್ತಾಳೆ ಮೆದು, ಬೇಗ ಸವೆಯುತ್ತದೆ. ಬುಶ್‌ನ ಹೊರ ಅಳತೆ ತೂತಿಗಿಂತ 0.02ರಿಂದ 0.03 ಮಿ.ಮೀ. ಹೆಚ್ಚಿರಬೇಕು, ವೈಸ್‌ನಲ್ಲಿ ಒತ್ತಿ ಕೂರಿಸಬೇಕು, ಸುತ್ತಿಗೆ ಮುಟ್ಟಿಸಬಾರದು. ಒತ್ತಿದಾಗ ಒಳತೂತು ತುಸು ಕುಗ್ಗುತ್ತದೆ. ಆದ್ದರಿಂದ ಒಳಗಿನ ರೀಮರ್ ಕೆಲಸ ಕೂರಿಸಿದ ಮೇಲೆಯೇ ಆಗಬೇಕು, ಪಿನ್‌ಗಿಂತ 0.03ರಿಂದ 0.05 ಮಿ.ಮೀ. ದೊಡ್ಡದಾಗಿ. ಹಿಂಜ್‌ನ ಎರಡು ಕಿವಿಗಳಿಗೆ ರೀಮರ್ ಒಂದೇ ಬೀಸಿನಲ್ಲಿ ಹೋಗಲಿ. ಒಂದೊಂದನ್ನೇ ಬೇರೆ ಬೇರೆ ಹಿಡಿದು ಮಾಡಿದರೆ ಎರಡೂ ನೇರಕ್ಕೆ ಬರುವುದಿಲ್ಲ, ಪಿನ್ ಓರೆಯಾಗಿ ನಿಲ್ಲುತ್ತದೆ.

ಪಿನ್ ಒಂದು ಎಲೆಯಲ್ಲಿ ಬಿಗಿ, ಇನ್ನೊಂದರಲ್ಲಿ ಸಲೀಸು. ಬುಶ್ ಹಾಕುವುದು ಸಲೀಸಾಗಿ ತಿರುಗುವ ಎಲೆಗೆ ಮಾತ್ರ. ಎರಡರಲ್ಲೂ ಸಲೀಸಾದರೆ ಪಿನ್ ಮೆಲ್ಲಮೆಲ್ಲಗೆ ಮೇಲೆದ್ದು ಒಂದು ದಿನ ಹೊರಗೆ ಬರುತ್ತದೆ. ಪಿನ್‌ಗೆ ಇಎನ್-8 ಸ್ಟೀಲ್ ಗಟ್ಟಿ, ಆದರೆ ಕರಾವಳಿಯ ಗಾಳಿಗೆ ಗ್ರೀಸ್ ಆರಿದರೆ ತುಕ್ಕು. 304 ಸ್ಟೇನ್‌ಲೆಸ್ ಅಷ್ಟು ಗಟ್ಟಿಯಲ್ಲ, ತುಕ್ಕಿನ ಭಯ ಕಡಿಮೆ. ನಮ್ಮ ಊರಿಗೆ ಬ್ರಾಂಝ್ ಬುಶ್ ಜೊತೆ 304 ಪಿನ್ ನಮ್ಮ ಆಯ್ಕೆ. ಆದರೆ ಬುಶ್ ಇಲ್ಲದೆ ಕಬ್ಬಿಣದ ತೂತಿಗೆ ನೇರವಾಗಿ ಸ್ಟೇನ್‌ಲೆಸ್ ಹಾಕಬೇಡಿ, ಎಣ್ಣೆ ಆರಿದರೆ ಕಚ್ಚಿಕೊಳ್ಳುತ್ತದೆ.

ಬುಶ್‌ಗೆ 1 ಮಿ.ಮೀ. ದಪ್ಪದ ಕಾಲರ್ ಇರಲಿ. ಬಾಗಿಲಿನ ಭಾರ ಕೂರುವುದು ಅದರ ಮೇಲೆ. ಮೊದಲಿದ್ದ ವಾಷರ್ ಸವೆದು ಮಾಯವಾಗಿದ್ದರೆ ಬಾಗಿಲು ಅಷ್ಟೂ ಕೆಳಗಿಳಿದಿರುತ್ತದೆ, ಅದನ್ನೂ ಈ ಕಾಲರ್ ತುಂಬಿಕೊಡುತ್ತದೆ.

ಕೆಲವು ಕಡೆ ಪಿನ್ ಬದಲಿಗೆ 8 ನಂಬ್ರದ ಬೋಲ್ಟ್ ಕತ್ತರಿಸಿ ತೂರಿಸುತ್ತಾರೆ. ಬೋಲ್ಟಿನ ಮೈ ಪೂರ್ತಿ 8 ಮಿ.ಮೀ. ಇರುವುದಿಲ್ಲ, ತುಸು ಕಡಿಮೆಯೇ ಇರುತ್ತದೆ. ಅಂದರೆ ಮೊದಲ ದಿನದಿಂದಲೇ ಸಡಿಲ. ಅದರ ಮರೆ, ಅಂದರೆ ಥ್ರೆಡ್, ಒಳಗಿದ್ದರೆ ಅರದಂತೆ ತೂತನ್ನು ತಿನ್ನುತ್ತದೆ. ಪಿನ್ ಕಿವಿಗೆ ವೆಲ್ಡ್ ಮಾಡುವುದೂ ಹಾಗೆಯೇ, ಮುಂದಿನ ಸಲ ಬಿಚ್ಚುವ ದಾರಿಯೇ ಇರುವುದಿಲ್ಲ.

ಪ್ರಶ್ನೆ: ಕೆಳಗಿನ ಹಿಂಜ್‌ನ ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯುವುದಿಲ್ಲ, ಅಲ್ಲಿಯೇ ಸುತ್ತುತ್ತದೆ. ಕಂಬದ ಬುಡದಲ್ಲಿ ಪೈಂಟ್ ಉಬ್ಬಿದೆ. ಫೈಬರ್ ಹಾಕಿ ಪುಟ್ಟಿ ತುಂಬಿಸಿ ಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಸಾಕೇ?
– ಓದುಗರು, ಮಲ್ಪೆ

ಉತ್ತರ: ಸಾಲದು. ಫೈಬರ್ ಮತ್ತು ಪುಟ್ಟಿ ಆಕಾರ ಕೊಡುತ್ತವೆಯೇ ಹೊರತು ಭಾರ ಹೊರುವುದಿಲ್ಲ. ಹಿಂಜ್ ಇರುವ ಕಡೆ ಅವುಗಳಿಗೆ ಜಾಗವೇ ಇಲ್ಲ.

ಮೊದಲು ಬೋಲ್ಟ್ ತಿರುಗಿಸುವುದನ್ನು ನಿಲ್ಲಿಸಿ. ಬೋಲ್ಟ್ ಹಿಡಿಯುವ ನಟ್ ಅಥವಾ ಮರೆ ಕೊರೆದ ಪ್ಲೇಟ್ ಕಂಬದೊಳಗಿದೆ. ಅದನ್ನು ಹಿಡಿದಿಟ್ಟ ತಗಡು ತುಕ್ಕಿಗೆ ಹೋದ್ದರಿಂದ ಅದೂ ಬೋಲ್ಟಿನ ಜೊತೆ ಸುತ್ತುತ್ತಿದೆ. ಎಲೆಯ ಹಿಂದೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಹೊರಕ್ಕೆ ಒತ್ತುತ್ತಾ ತಿರುಗಿಸಿದರೆ ಕೆಲವೊಮ್ಮೆ ಬರುತ್ತದೆ, ಇಲ್ಲವಾದರೆ ತಲೆಯನ್ನು ಗ್ರೈಂಡ್ ಮಾಡಬೇಕು. ಮುಂದಿನ ಸೀಟಿನ ಕಾಲಬಳಿಯ ಒಳಪ್ಯಾನೆಲ್ ತೆಗೆದು ಟಾರ್ಚ್ ಹಾಕಿ ನೋಡಿ. ಮೊಳೆಯಂಥ ಚೂಪು ಸಾಧನದಿಂದ ಕಂಬವನ್ನು ಕುಟ್ಟುತ್ತಾ ಹೋಗಿ. ಒಳಗೆ ಹೊಕ್ಕ ಜಾಗ ಸತ್ತ ತಗಡು. ಪೈಂಟ್ ಉಬ್ಬಿದ್ದು ಒಂದು ರೂಪಾಯಿಯಷ್ಟು ಅಗಲವಿದ್ದರೆ ಒಳಗೆ ಅಂಗೈಯಗಲ ಹೋಗಿರುವುದು ಸಾಮಾನ್ಯ.

ಕತ್ತರಿಸುವ ಮೊದಲು ಒಂದು ಮುಖ್ಯ ವಿಷಯ. ಕಾರು ಸಮತಟ್ಟಾದ ನೆಲದಲ್ಲಿ ಅದರ ಚಕ್ರಗಳ ಮೇಲೆ ನಿಂತಿರಲಿ, ಜಾಕ್ ಮೇಲೆ ಬೇಡ. ಮುಂದಿನ ಕಂಬಕ್ಕೂ ನಡುವಿನ ಕಂಬಕ್ಕೂ ಒಂದು ಆ್ಯಂಗಲ್ ಪಟ್ಟಿಯನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ ಹಿಡಿಸಿ. ಇದನ್ನು ಬಿಟ್ಟರೆ ಕತ್ತರಿಸಿದ ಕೂಡಲೇ ಬಾಗಿಲಿನ ಚೌಕಟ್ಟು ಎರಡು ಮೂರು ಮಿ.ಮೀ. ಕುಸಿಯುತ್ತದೆ, ಆಮೇಲೆ ಯಾವ ಹಿಂಜ್ ಹಾಕಿದರೂ ಬಾಗಿಲು ಕೂರುವುದಿಲ್ಲ.

ತುಕ್ಕನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಒಳಗೆ 5 ಮಿ.ಮೀ. ದಪ್ಪದ ಪ್ಲೇಟ್ ಹಾಕಿ, ಹಿಂಜ್‌ಗಿಂತ ಮೇಲೂ ಕೆಳಗೂ 2 ಸೆಂ.ಮೀ. ಉದ್ದವಾಗಿ. ಅದರ ಹಿಂಬದಿಗೆ ಬೋಲ್ಟಿನ ಅಳತೆಯ ನಟ್ ವೆಲ್ಡ್ ಮಾಡಿ. ಮೇಲಿನ ಹೊದಿಕೆಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು. ಸಿಒಟು ವೆಲ್ಡಿಂಗೇ (ಅನಿಲ ಬಿಡುತ್ತಾ ತೆಳು ತಂತಿಯಿಂದ ಮಾಡುವುದು) ಆಗಬೇಕು. ಕಡ್ಡಿ ವೆಲ್ಡಿಂಗ್ ಈ ತಗಡಿಗೆ ತೂತು ಮಾಡುತ್ತದೆ, ಗ್ಯಾಸ್ ವೆಲ್ಡಿಂಗ್ ಸುತ್ತಲಿನದ್ದನ್ನೂ ಸೊಟ್ಟ ಮಾಡುತ್ತದೆ. ಒಂದೇ ಎಳೆಯಾಗಿ ಎಳೆಯದೆ ಚುಕ್ಕೆ ಚುಕ್ಕೆಯಾಗಿ, ಒಮ್ಮೆ ಆ ತುದಿ ಒಮ್ಮೆ ಈ ತುದಿ ಹಿಡಿಯುತ್ತಾ ತುಂಬಿಸಬೇಕು. ಬ್ಯಾಟರಿಯ ಎರಡೂ ಟರ್ಮಿನಲ್ ಕಳಚಿರಲಿ, ಕೈಗೆ ನೀರಿನ ಬಕೆಟ್ ಸಿಗುವಂತಿರಲಿ. ಆಮೇಲೆ ಝಿಂಕ್ ಪ್ರೈಮರ್, ಎಪಾಕ್ಸಿ ಪ್ರೈಮರ್, ಕೂಡುಗಳಿಗೆ ಸೀಲರ್. ಕೊನೆಗೆ ಕಂಬದೊಳಕ್ಕೆ ಪೈಪ್ ಇಳಿಸಿ ಮೇಣದ ತುಕ್ಕುನಿರೋಧಕ ಸ್ಪ್ರೇ ಮಾಡಿಸಿ. ಈ ಕೊನೆಯದ್ದನ್ನು ಬಿಟ್ಟುಬಿಡುವವರು ತುಂಬ ಜನ. ವೆಲ್ಡ್ ಮಾಡಿದ ಶಾಖಕ್ಕೆ ಒಳಬದಿಯ ಪೈಂಟ್ ಎಲ್ಲ ಸುಟ್ಟಿರುತ್ತದೆ, ಹಾಗೆಯೇ ಬಿಟ್ಟರೆ ಕೆಲವೇ ಮಳೆಗಾಲಗಳಲ್ಲಿ ಅದೇ ಜಾಗ ಪುನಃ ಉಬ್ಬುತ್ತದೆ.

ನೀರು ಬಂದ ದಾರಿಯನ್ನೂ ಮುಚ್ಚಬೇಕು. ವರ್ಷಕ್ಕೆ 3500 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಊರು ನಮ್ಮದು. ಎದುರಿನ ಗಾಜಿನ ರಬ್ಬರಿನ ಕೆಳಮೂಲೆ ಸೀಳಿದ್ದರೆ ನೀರು ನೇರ ಕಂಬಕ್ಕೆ ಇಳಿಯುತ್ತದೆ. ಬಾನೆಟ್ ಮತ್ತು ಗಾಜಿನ ನಡುವಿನ ತೋಡಿನಲ್ಲಿ ಮಾವಿನ, ಹಲಸಿನ ಎಲೆ ಕೊಳೆತು ತೂತು ಕಟ್ಟಿದ್ದರೂ ಹಾಗೆಯೇ. ಮಡ್‌ಗಾರ್ಡ್ ಒಳಗೆ ಕಂಬದ ಹಿಂದೆ ಸೇರಿದ ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಬಂದರು ರಸ್ತೆಯಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಆ ಕೆಸರಿಗೆ ಸೇರಿದರೆ ತಗಡು ಉಳಿಯುವುದಿಲ್ಲ. ಮಲ್ಪೆಯಂಥ ಕಡೆ ವಾರಕ್ಕೊಮ್ಮೆ ಕಾರಿನ ಅಡಿಭಾಗಕ್ಕೂ ಮಡ್‌ಗಾರ್ಡ್ ಒಳಕ್ಕೂ ಸಿಹಿನೀರು ಬಿಡಿ. ಬಾಗಿಲಿನ ಕೆಳಅಂಚಿನ ನೀರು ಹೋಗುವ ತೂತುಗಳನ್ನು ಹಿಡಿಸೂಡಿಯ ಕಡ್ಡಿಯಿಂದ ಬಿಡಿಸಿ, ಕಬ್ಬಿಣದ ತಂತಿ ಬೇಡ, ಪೈಂಟ್ ಕೆರೆಯುತ್ತದೆ. ತೂತು ಕಟ್ಟಿದ ಬಾಗಿಲಲ್ಲಿ 2 ಲೀಟರ್ ನೀರು ನಿಂತರೆ ಹಿಂಜ್‌ಗೆ 2 ಕಿಲೋ ಹೆಚ್ಚುವರಿ ಭಾರ.

ಪ್ರಶ್ನೆ: ಅಂಬಾಸಿಡರ್‌ನ ನಾಲ್ಕೂ ಬಾಗಿಲು ಬಿಚ್ಚಿ ಪೈಂಟ್ ಮಾಡಿಸಿದೆವು. ಜೋಡಿಸಿದ ಮೇಲೆ ಒಂದು ಕಡೆ ಸಂದಿ ಅಗಲ, ಇನ್ನೊಂದು ಕಡೆ ತಾಗುತ್ತದೆ. ಯಾವುದನ್ನು ಮೊದಲು ಸರಿ ಮಾಡಬೇಕು?
– ಓದುಗರು, ಮೂಡುಬಿದಿರೆ

ಉತ್ತರ: ಹಿಂದಿನಿಂದ ಮುಂದಕ್ಕೆ ಬನ್ನಿ. ಹಿಂಭಾಗದ ಬಾಡಿ ಅಲುಗುವಂಥದ್ದಲ್ಲ, ಆದ್ದರಿಂದ ಹಿಂದಿನ ಬಾಗಿಲನ್ನು ಅದಕ್ಕೆ ಹೊಂದಿಸಿ. ಮುಂದಿನ ಬಾಗಿಲನ್ನು ಹಿಂದಿನ ಬಾಗಿಲಿಗೆ, ಮಡ್‌ಗಾರ್ಡನ್ನು ಮುಂದಿನ ಬಾಗಿಲಿಗೆ. ಮುಂದಿನಿಂದ ಶುರು ಮಾಡಿದವರು ಕೊನೆಗೆ ಎಲ್ಲ ತಪ್ಪನ್ನೂ ಹಿಂದಿನ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ, ಅಲ್ಲಿಂದ ಮುಂದೆ ದಾರಿ ಇಲ್ಲ.

ಸ್ಟ್ರೈಕರ್‌ಗಳನ್ನು ಬಿಚ್ಚಿಟ್ಟು, ರಬ್ಬರ್ ಬೀಡಿಂಗ್ ಇಲ್ಲದೆ ಹೊಂದಿಸಿ. ಹೊಸ ಬೀಡಿಂಗ್ ಬಾಗಿಲನ್ನು ಹೊರಕ್ಕೆ ತಳ್ಳಿ ನಿಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಹಳೆಯ ಕಾರಿಗೆ 4ರಿಂದ 5 ಮಿ.ಮೀ. ಸಂದಿ ಒಳ್ಳೆಯದು. ಎಲ್ಲ ಕಡೆಯೂ ಒಂದೇ ಸಮ ಇರುವುದು ಅಳತೆಗಿಂತ ಮುಖ್ಯ. ಅಳೆಯಲು ಗೇಜ್ ಇಲ್ಲದಿದ್ದರೆ ಎಟಿಎಂ ಕಾರ್ಡ್ ಸಾಕು: ಒಂದರ ದಪ್ಪ 0.76 ಮಿ.ಮೀ., ಅವಧಿ ಮುಗಿದ 6 ಕಾರ್ಡ್‌ಗಳನ್ನು ಒಟ್ಟಿಗೆ ಟೇಪ್ ಸುತ್ತಿದರೆ ಸುಮಾರು 4.5 ಮಿ.ಮೀ. ಉಬ್ಬು ಅಕ್ಷರಗಳಿರುವ ಕಾರ್ಡ್ ಬೇಡ.

ಹಿಂಜ್‌ನ ಬೋಲ್ಟ್‌ಗಳನ್ನು ಪೂರ್ತಿ ಸಡಿಲಿಸದೆ, ಕೈಯಿಂದ ತಳ್ಳಿದರೆ ಸರಿಯುವಷ್ಟು ಮಾತ್ರ ಬಿಡಿ. ಒಮ್ಮೆಗೆ ಒಂದೇ ಹಿಂಜ್. ಸರಿಯುವ ಅವಕಾಶ ಮುಗಿದ ಮೇಲೆ ಶಿಮ್, ಅಂದರೆ ಎಲೆಯ ಹಿಂದೆ ಇಡುವ ತೆಳು ತಗಡು. ಇಲ್ಲಿ ಗೊಂದಲ ಹೆಚ್ಚು. ಎಲೆ ಕೂರುವ ಮುಖ ಕಾರಿನ ಹಿಂಬದಿಗೆ ನೋಡುತ್ತಿದ್ದರೆ ಶಿಮ್ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಕೆಳಗಿನ ಹಿಂಜ್‌ಗೆ 1 ಮಿ.ಮೀ. ಶಿಮ್ ಇಟ್ಟರೆ ಬಾಗಿಲಿನ ಕೆಳಭಾಗ ಹಿಂದಕ್ಕೆ ಹೋಗಿ ಲಾಕಿನ ತುದಿ 2-3 ಮಿ.ಮೀ. ಮೇಲೇಳುತ್ತದೆ. ಎಲೆಯ ಮುಖ ಹೊರಬದಿಗೆ ನೋಡುತ್ತಿದ್ದರೆ ಅದೇ ಶಿಮ್ ಬಾಗಿಲನ್ನು ಬಾಡಿಯಿಂದ ಹೊರಕ್ಕೆ ತರುತ್ತದೆಯೇ ಹೊರತು ಎತ್ತುವುದಿಲ್ಲ. ಬೋಲ್ಟ್ ಯಾವ ದಿಕ್ಕಿಗೆ ಹೋಗಿದೆಯೋ ಶಿಮ್ ಕೆಲಸ ಮಾಡುವುದು ಅದೇ ದಿಕ್ಕಿಗೆ.

ಪ್ರಶ್ನೆ: ಹಿಂಜ್‌ನ ಸಂದಿಯಲ್ಲಿ ಮರದ ತುಂಡು ಇಟ್ಟು ಬಾಗಿಲನ್ನು ಒತ್ತಿ ಸರಿ ಮಾಡುತ್ತಾರಲ್ಲ, ಅದು ಸರಿಯಾದ ವಿಧಾನವೇ?
– ಓದುಗರು, ಕಾರ್ಕಳ

ಉತ್ತರ: ಪಿನ್‌ನಲ್ಲಿ ಸ್ವಲ್ಪವೂ ಅಲುಗಾಟ ಇಲ್ಲ, ಕಂಬ ಗಟ್ಟಿಯಿದೆ, ಹಿಂಜ್ ಮಾತ್ರ ಬಾಗಿದೆ ಎಂದು ಖಚಿತವಾದರೆ ಮಾತ್ರ. ಬಾಗಿಲಿನ ತುದಿ ಏಳಬೇಕಾದರೆ ತುಂಡು ಇಡಬೇಕಾದ್ದು ಕೆಳಗಿನ ಹಿಂಜ್‌ಗೆ. ಮೆದು ಮರ ಆರಿಸಿ, ಬಾಗಿಲನ್ನು ಮೆಲ್ಲಗೆ ಒತ್ತಿ, ತೆಗೆದು ನೋಡಿ, ಪುನಃ ಒತ್ತಿ. ಒಂದೇ ಸಲಕ್ಕೆ 1 ಮಿ.ಮೀ.ಗಿಂತ ಹೆಚ್ಚು ಆಸೆಪಡಬೇಡಿ. ಪಿನ್ ಸವೆದ ಹಿಂಜ್‌ಗೆ ಇದನ್ನು ಮಾಡಿದರೆ ಸವೆತದ ಜೊತೆಗೆ ಬಾಗುವಿಕೆಯೂ ಸೇರುತ್ತದೆ. ತೆರೆದ ಬಾಗಿಲಿನ ತುದಿಗೆ ಜಾಕ್ ಕೊಟ್ಟು ಎತ್ತುವುದಂತೂ ಬೇಡವೇ ಬೇಡ. ಜಾಕ್‌ಗೆ ಬಾಗಿಲು, ಕಾರು ಎಂಬ ಭೇದವಿಲ್ಲ, ಕಾರಿನ ಭಾರವನ್ನೇ ಹಿಂಜ್ ಮೇಲೆ ಹಾಕಿ ಕಂಬದ ತಗಡನ್ನು ಕಿತ್ತುಬಿಡುತ್ತದೆ.

ಪ್ರಶ್ನೆ: ಪಣಂಬೂರು ಬೀಚಿನಲ್ಲಿ ಗಾಳಿಗೆ ಬಾಗಿಲು ರಪ್ಪನೆ ತೆರೆದು ಮಡ್‌ಗಾರ್ಡ್‌ಗೆ ತಾಗಿತು. ಆವತ್ತಿನಿಂದ ಬಾಗಿಲು ಸರಿ ಕೂರುವುದಿಲ್ಲ.
– ಓದುಗರು, ಸುರತ್ಕಲ್

ಉತ್ತರ: ಡೋರ್ ಚೆಕ್ ಮುರಿದಿದೆ, ಅಥವಾ ಅದರ ಪಿನ್ ಬಿದ್ದಿದೆ. ಬಾಗಿಲು ಮಿತಿಗಿಂತ ಹೆಚ್ಚು ತೆರೆಯದಂತೆ ತಡೆಯುವುದು ಆ ಪಟ್ಟಿ. ಅದಿಲ್ಲದಿದ್ದಾಗ ಹೊಡೆತವನ್ನೆಲ್ಲ ಹಿಂಜ್ ತಿನ್ನುತ್ತದೆ. ನಿಮ್ಮ ಹಿಂಜ್ ಬಾಗಿರಬಹುದು, ಬಾಗಿಲಿನ ಒಳತಗಡು ಬಿರುಕು ಬಿಟ್ಟಿರಲೂಬಹುದು. ಬಿರುಕು ಇದ್ದರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಬಿರುಕನ್ನು ವೆಲ್ಡ್ ಮಾಡಿಸಿ, ಒಳಬದಿಗೆ 2 ಮಿ.ಮೀ. ತಗಡಿನ ತೇಪೆ ಕೊಡಿಸಿ. ಡೋರ್ ಚೆಕ್ ಮಾತ್ರ ಮೊದಲು ಹಾಕಿಸಿ, ಹಿಂಜ್ ಸರಿಮಾಡಿ ಅದನ್ನು ಬಿಟ್ಟರೆ ಮುಂದಿನ ಗಾಳಿಗೆ ಮತ್ತದೇ.

ಪ್ರಶ್ನೆ: ಓಮ್ನಿಯ ಜಾರುವ ಬಾಗಿಲಿಗೂ ಇದೇ ಚಿಕಿತ್ಸೆಯೇ? ನಮ್ಮದು ಮುಚ್ಚುವಾಗ ಗರಗರ ಎನ್ನುತ್ತದೆ, ಹಿಂದಿನ ತುದಿ ಕೆಳಗಿಳಿದಿದೆ.
– ಓದುಗರು, ಕುಂದಾಪುರ

ಉತ್ತರ: ಅದರಲ್ಲಿ ಹಿಂಜ್ ಪಿನ್‌ನ ಜಾಗದಲ್ಲಿ ರೋಲರ್ ಇದೆ. ಬಾಗಿಲು ಮೂರು ಕಡೆ ಹಳಿ ಹಿಡಿದು ಓಡುತ್ತದೆ: ಮೇಲೆ, ಕೆಳಗೆ, ಮತ್ತು ಬಾಡಿಯ ಹೊರಬದಿಯ ನಡುವಿನಲ್ಲಿ. ಹಿಂದಿನ ತುದಿಯ ಭಾರ ಹೊರುವುದು ನಡುವಿನ ರೋಲರ್. ಅರ್ಧ ತೆರೆದು ಹಿಂದಿನ ತುದಿ ಎತ್ತಿ ನೋಡಿ, ಎದ್ದರೆ ಅದೇ ಸವೆದಿದೆ. ಮುಂದಿನ ತುದಿ ಎದ್ದರೆ ಕೆಳಗಿನ ರೋಲರ್.

ರೋಲರ್ ಬದಲಿಸುವ ಮೊದಲು ಹಳಿಯ ಅಂಚಿಗೆ ಬೆರಳು ಓಡಿಸಿ. ಬ್ಲೇಡಿನಂತೆ ಚೂಪಾಗಿದ್ದರೆ ಹಳಿಯೂ ಸವೆದಿದೆ, ಹೊಸ ರೋಲರನ್ನು ಅದು ಕೆಲವೇ ದಿನದಲ್ಲಿ ತಿಂದುಹಾಕುತ್ತದೆ. ಹಳಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಮಾತ್ರ ಗ್ರೀಸ್ ಹಚ್ಚಿ. ದಪ್ಪ ಗ್ರೀಸ್ ಮರವಂತೆಯ ಮರಳನ್ನು ಹಿಡಿದಿಟ್ಟುಕೊಂಡರೆ ಅದು ಅರೆಯುವ ಪೇಸ್ಟ್ ಆಗುತ್ತದೆ, ನಿಮ್ಮ ಗರಗರ ಸದ್ದು ಅಲ್ಲಿಂದಲೇ ಬರುತ್ತಿರಬಹುದು. ಹೊಂದಿಸುವಾಗ ಮುಂದಿನ ತುದಿಯ ಎತ್ತರಕ್ಕೆ ಕೆಳಗಿನ ಬ್ರಾಕೆಟ್, ಹಿಂದಿನ ತುದಿಯ ಎತ್ತರಕ್ಕೆ ನಡುವಿನದ್ದು, ಮೇಲಂಚು ಒಳಗೆ ಹೊರಗೆ ಸರಿಯಲು ಮೇಲಿನದ್ದು. ಬಾಗಿಲು ಭಾರವಾದದ್ದು, ಒಬ್ಬರೇ ಬಿಚ್ಚಬೇಡಿ.

ಪ್ರಶ್ನೆ: ಹಿಂಜ್ ಕಿರ್ರೆಂದಾಗ ತೆಂಗಿನೆಣ್ಣೆ ಬಿಡುತ್ತೇವೆ. ತೊಂದರೆ ಉಂಟೇ?
– ಓದುಗರು, ಬಂಟ್ವಾಳ

ಉತ್ತರ: ಆ ದಿನ ಸದ್ದು ನಿಲ್ಲುತ್ತದೆ. ಆದರೆ ತೆಂಗಿನೆಣ್ಣೆ ಕಾಲಕ್ರಮೇಣ ಕೆಟ್ಟು ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಆ ಧೂಳೇ ಪಿನ್ ಸವೆಸುತ್ತದೆ. ಹಾಕಿದ್ದನ್ನು ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ಸ್ಪ್ರೇ ಮಾಡಿ. ಅದು ಇಲ್ಲದಿದ್ದರೆ ಎಂಜಿನ್ ಆಯಿಲ್ ಎರಡು ಹನಿ. ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ, ಹೊರಬಂದ ಕಪ್ಪು ಎಣ್ಣೆಯನ್ನು ಒರೆಸಿ. ಮೇ ಕೊನೆಗೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಒರೆಸಿದ ಎಣ್ಣೆ ಕಪ್ಪಿನ ಬದಲು ಕೆಂಪುಕಂದು ಬಣ್ಣಕ್ಕೆ ಬಂದರೆ ಒಳಗೆ ತುಕ್ಕು ಅರೆಯುತ್ತಿದೆ, ಪಿನ್ ಹೊರತೆಗೆದು ನೋಡುವ ಸಮಯ ಬಂದಿದೆ.